ನೆಲುವಿನಲ್ಲಿದ್ದ ಎರಡು ಡಬ್ಬಿ

ನನ್ನ ಇಷ್ಟು ವರ್ಷದ ಬದುಕಿನಲ್ಲಿ ನಾನು ನಶೆ ಮಾಡಿದ್ದು ಒಂದೇ ಸಲ. ಅದೂ ಬಾಣಂತಿ ಕೋಣೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಹತ್ತೊಂಬತ್ತು ದಿನದ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು. ಕಾನ್ವೆಂಟಿನಲ್ಲಿ ನಮಗೆ ಮಾರಲ್ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಇದನ್ನು ಓದಿದ್ದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸಿಟ್ಟು ಬಂದಾಗ ಅವರು ಹಾಗೆ ಮಾಡುತ್ತಿದ್ದರು. ನಗು ಬಂದಾಗಲೂ.

ಆಗ ನಾವು ಶಹಾಪುರದಲ್ಲಿ ಅತ್ತೆಯ ಮನೆಯಲ್ಲಿದ್ದೆವು. ನನ್ನ ಗಂಡ ಕಾಲುವೆ ಆಫೀಸಿನಲ್ಲಿ ಕ್ಲರ್ಕು. ಸುರಪುರದ ಆಚೆಗಿನ ಒಂದು ಕ್ಯಾಂಪಿನಲ್ಲಿ ವಾರವಿಡೀ ಇದ್ದು ಶನಿವಾರದ ಬಸ್ಸಿಗೆ ಬರುತ್ತಿದ್ದರು. ಕಾಲುವೆ ಬಂದ ಹೊಸತು ಅದು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ನೆಲ ಮಟ್ಟಮಾಡಿ ನೀರು ನಿಲ್ಲಿಸುತ್ತಿದ್ದರು. ಹುಟ್ಟಿದಾಗಿನಿಂದ ರೊಟ್ಟಿ ತಿಂದವರು ಭತ್ತದ ಸಸಿಯನ್ನು ಹಿಡಿದು ನೋಡಿ, ಇದೆಂಥ ಹುಲ್ಲು ಎಂದು ನಗುತ್ತಿದ್ದರು. ನಮ್ಮ ಹಿತ್ತಿಲಿನ ಗೋಡೆಯಾಚೆಗೇ ಒಂದು ಸಣ್ಣ ಕಾಲುವೆ ಹಾದುಹೋಗಿತ್ತು. ನೀರು ಬಿಟ್ಟ ತಿಂಗಳುಗಳಲ್ಲಿ ಅದರ ಸದ್ದು ಹಗಲೂ ರಾತ್ರಿ ಮನೆಯೊಳಗೆ ಇರುತ್ತಿತ್ತು, ಮನೆಯವರೇ ಒಬ್ಬರು ಮೆಲ್ಲಗೆ ಮಾತಾಡುತ್ತಿದ್ದ ಹಾಗೆ.

ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ನನಗೆ ತವರು ಅನ್ನುವುದು ಉಳಿದಿರಲಿಲ್ಲ. ನಾನು ಬೋರ್ಡಿಂಗಿನಲ್ಲಿದ್ದಾಗಲೇ ಅಮ್ಮ ತೀರಿಹೋಗಿದ್ದಳು. ನನಗೆ ಏಳು ತಿಂಗಳು ತುಂಬಿದಾಗ ಅತ್ತೆ ನನ್ನ ಟ್ರಂಕನ್ನು ಒಳಕೋಣೆಗೆ ತಳ್ಳಿ, "ತವರ ಮನಿನೂ ಇದ, ಅತ್ತಿ ಮನಿನೂ ಇದ. ನಿನಗ ಎಲ್ಲಿಗಿ ಹೋಗೂದು ಅದ ಈಗ?" ಎಂದರು. ಅವರ ಮಾತು ಯಾವಾಗಲೂ ಹಾಗೆ, ಬೈದ ಹಾಗೇ ಇರುತ್ತಿತ್ತು. ಅದು ಅಕ್ಕರೆ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಬಾಣಂತಿಗೆ ನಲವತ್ತು ದಿನ ಅವರದೊಂದು ಕಾನೂನು. ತಣ್ಣೀರು ಮುಟ್ಟಬಾರದು, ಗಾಳಿಗೆ ಕೂಡಬಾರದು. ಹುಳಿಯದಂತೂ ಹೆಸರು ಸಹ ಎತ್ತಬಾರದು. ಲಿಂಬೆ, ಹುಣಸೆ, ಮೊಸರು, ಮಜ್ಜಿಗೆ ಎಲ್ಲವೂ ಆ ಕೋಣೆಯ ಹೊಸ್ತಿಲಿನಾಚೆ. ನಾನು ಒಮ್ಮೆ ಉಪ್ಪಿನಕಾಯಿ ಕೇಳಿದ್ದಕ್ಕೆ, "ಕೂಸಿಗಿ ನೆಗಡಿ ಕಟ್ಟಬೇಕಂತ ಮಾಡೀಯೇನ್?" ಎಂದು ಇಡೀ ದಿನ ಮುಖ ತಿರುಗಿಸಿಕೊಂಡಿದ್ದರು. ಮಂಚದ ಕೆಳಗೆ ಕೆಂಡದ ಶೆಗಡಿ. ಹೊಗೆಗೆ ನನ್ನ ಕಣ್ಣು ಸದಾ ಕೆಂಪು. ದಿನಕ್ಕೆ ಎರಡು ಸಲ ಅಂಟಿನ ಉಂಡೆ: ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ, ಜೊತೆಗೆ ನನಗೆ ಹೆಸರೇ ಗೊತ್ತಿಲ್ಲದ ಕಹಿ ಬೇರು. ಬಾಣಂತಿಗೆ ಕೊಡುವುದೆಲ್ಲ ಹೇಗೂ ಕಹಿಯೇ ಆಗಿದ್ದರಿಂದ ನಾನು ಯಾವುದರ ರುಚಿಯನ್ನೂ ಪ್ರಶ್ನಿಸುವುದನ್ನು ಬಿಟ್ಟಿದ್ದೆ.

ಆ ಉಂಡೆಯ ಡಬ್ಬಿ ಇರುತ್ತಿದ್ದುದು ಅಡುಗೆಮನೆಯ ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ, ಇರುವೆಗೂ ಬೆಕ್ಕಿಗೂ ಸಿಗದ ಹಾಗೆ. ಹಾಲಿನ ಪುಡಿಯ ಖಾಲಿ ಡಬ್ಬಿ ಅದು. ಅಂಥವನ್ನು ನನ್ನ ಗಂಡ ಕ್ಯಾಂಪಿನಿಂದ ತರುತ್ತಿದ್ದರು. ಮನೆಯ ತುಂಬ ಅವೇ. ಅದೇ ನೆಲುವಿನಲ್ಲಿ ಅಂಥದೇ ಇನ್ನೊಂದು ಡಬ್ಬಿ ಇತ್ತು. ಅದು ಸಣ್ಣ ಮಾವನದು.

ಸಣ್ಣ ಮಾವ ಎಂದರೆ ತೀರಿಕೊಂಡಿದ್ದ ನನ್ನ ಮಾವನವರ ತಮ್ಮ. ಮದುವೆಯಾಗಲಿಲ್ಲ. ಹೊಲ ನೋಡಿಕೊಳ್ಳುತ್ತಿದ್ದರು, ಅಮಾವಾಸ್ಯೆಗೊಮ್ಮೆ ಕೃಷ್ಣೆಯ ದಂಡೆಯ ಒಂದು ಗುಡಿಗೆ ನಡೆದು ಹೋಗುತ್ತಿದ್ದರು. ಅಲ್ಲಿ ಪ್ರಸಾದ ಎಂದರೆ ಗಾಂಜಾ. ನಮ್ಮ ಕಡೆ ಇದು ಹುಬ್ಬೇರಿಸುವ ಸಂಗತಿಯಲ್ಲ. ಕೆಲವು ಗುಡಿಗಳಲ್ಲಿ ಭಕ್ತರು ಅದನ್ನು ತೀರ್ಥದಂತೆ ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ, ಕಣ್ಣು ಮುಚ್ಚಿ ಕೂರುತ್ತಾರೆ. ಸೇದುವವರೂ ಇದ್ದರು. ಸಣ್ಣ ಮಾವನಿಗೆ ಕೆಮ್ಮು, ಆದ್ದರಿಂದ ಆ ಸೊಪ್ಪನ್ನು ಬೆಲ್ಲ, ತುಪ್ಪ, ಗಸಗಸೆಯಲ್ಲಿ ಕಾಯಿಸಿ ಉಂಡೆ ಕಟ್ಟಿಸಿಕೊಂಡು ತರುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಕಡಲೆಕಾಳಿನಷ್ಟು ಮುರಿದು ತಿನ್ನುವರು. ಪ್ರಸಾದವನ್ನು ನೆಲಕ್ಕಿಡುವಂತಿಲ್ಲ, ಮನುಷ್ಯರ ತಲೆಗಿಂತ ಮೇಲೇ ಇರಬೇಕು. ಮನೆಯಲ್ಲಿ ತಲೆಗಿಂತ ಮೇಲಿದ್ದ ಜಾಗ ಎಂದರೆ ನೆಲುವು ಒಂದೇ.

ಆ ಬುಧವಾರ ಬೆಳಿಗ್ಗೆ ಅತ್ತೆ ಜೋಳದ ಪುಟ್ಟಿ ಹೊತ್ತು ಗಿರಣಿಗೆ ಹೊರಟರು. ಕೂಸಿಗೆ ಹಾಲು ಕುಡಿಸಿ ಮಲಗಿಸಿದ್ದೆ. ಬಾಗಿಲಿನಿಂದಲೇ ಕೂಗಿದರು, "ನೆಲುವಿನ್ಯಾಗಿನ ಡಬ್ಬಿ ಇಳಿಸಿ ಎರಡು ಉಂಡಿ ತಿನ್ನು. ಗಿರಣ್ಯಾಗ ಪಾಳಿ ಭಾಳ ಅದ, ನನ್ನ ದಾರಿ ನೋಡಬ್ಯಾಡ."

ದಿನವೂ ಅವರೇ ತೆಗೆದುಕೊಡುತ್ತಿದ್ದರು. ಅಂದು ನಾನು ಸ್ಟೂಲ್ ಹತ್ತಿ, ಕೈಗೆ ಮೊದಲು ಸಿಕ್ಕ ಡಬ್ಬಿ ಇಳಿಸಿದೆ. ಲಿಂಬೆಹಣ್ಣಿನ ಗಾತ್ರದ ಉಂಡೆಗಳು. ಸ್ವಲ್ಪ ಹಸಿರು ಛಾಯೆ ಕಂಡಿತು, ಹೊಸ ಬೇರು ಹಾಕಿದ್ದಾರೆ ಅಂದುಕೊಂಡೆ. ಒಂದು ತಿಂದೆ. ಎರಡನೆಯದು ಗಂಟಲಲ್ಲಿ ಇಳಿಯಲೊಲ್ಲದು. ಆದರೆ ತಟ್ಟೆಯಲ್ಲಿ ಏನನ್ನೂ ಬಿಡಬಾರದು ಎಂಬುದು ಬೋರ್ಡಿಂಗಿನ ಟ್ರೇನಿಂಗು. ಡ್ಯೂಟಿ ಈಸ್ ಡ್ಯೂಟಿ ಎಂದು ಅದನ್ನೂ ಮುಗಿಸಿ ಮಲಗಿದೆ.

ಒಂದು ತಾಸು ಏನೂ ಇಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ ಬಾಯಿ ಒಣಗತೊಡಗಿತು. ಮೇಲಿನ ತೊಲೆಗಳನ್ನು ನೋಡುತ್ತಿದ್ದೆ, ಐದು ಇದ್ದವು. ಎಣಿಸಿ ಮುಗಿಸುವಷ್ಟರಲ್ಲಿ ಮೊದಲನೆಯದನ್ನು ಎಣಿಸಿದ್ದು ಹೋದ ವರ್ಷ ಅನ್ನಿಸಿತು. ನಗು ಬಂತು. ಆಮೇಲೆ ಎದೆ ಹೊಡೆದುಕೊಳ್ಳುವ ಸದ್ದು ಕೇಳಿಸಿತು, ಹತ್ತಿ ಇಟ್ಟ ಕಿವಿಯೊಳಗೆ, ಗಿರಣಿಯ ಪಟ್ಟಾ ಹೊಡೆದ ಹಾಗೆ. ನಗು ನಿಂತಿತು. ಆಮೇಲೆ ನೀರು ಬಂತು. ಕಾಲುವೆಯ ನೀರು ಗೋಡೆ ದಾಟಿ ಬರುವುದು ನನಗೆ ಸ್ಪಷ್ಟವಾಗಿ ಕೇಳಿತು. ಮಂಚ ಮೆಲ್ಲಗೆ ತೇಲಿತು.

ಅಷ್ಟರಲ್ಲಿ ಅತ್ತೆ ಹಿಟ್ಟಿನ ಪುಟ್ಟಿ ಇಳಿಸಿದರು. ನಾನು ಕಿರುಚಿದೆ, "ಅತ್ತೀ, ಕಾಲುವಿ ಒಡದದರೀ! ಕೂಸಿನ್ನ ಎತ್ಕೊಳ್ರೀ!"

ಅವರು ಹಿತ್ತಿಲಿಗೆ ಓಡಿಹೋಗಿ ನೋಡಿ ಬಂದರು. "ಯಾವ ಕಾಲುವಿ? ರಿಪೇರಿಗಂತ ಬಂದ್ ಮಾಡಿ ಹದಿನೈದ್ ದಿನ ಆತು. ಅದರೊಳಗ ಆಡು ಮೇಯಾಕತ್ತಾವ."

ನನಗೆ ಅದು ತಿಳಿದಿತ್ತು. ಬಂದ್ ಆಗುವ ಸುದ್ದಿ ತಂದವರೇ ನನ್ನ ಗಂಡ. ಆದರೂ ನೀರು ಕೇಳುತ್ತಲೇ ಇತ್ತು. ಹೇಳಬೇಕೆಂದರೆ ಕನ್ನಡ ಬರಲಿಲ್ಲ. ಬಾಯಿಯಿಂದ ಬಂದದ್ದು, "ಸಿಸ್ಟರ್, ಮೇ ಐ ಗೋ ಔಟ್? ಪ್ಲೀಸ್, ಸಿಸ್ಟರ್!"

ಅತ್ತೆಯ ಮುಖ ನಾನು ಎಂದೂ ನೋಡದ ಮುಖವಾಯಿತು. ಬಂದು ಹಣೆ ಮುಟ್ಟಿದರು, ಜ್ವರವಿಲ್ಲ. ಕಣ್ಣು ಅಗಲಿಸಿ ನೋಡಿದರು. "ಸನ್ನಿ," ಎಂದರು, ನನಗಲ್ಲ, ಗೋಡೆಗೆ.

ಬಾಣಂತಿ ಸನ್ನಿ. ಅತ್ತೆಯ ಸ್ವಂತ ಅಕ್ಕ ಅದರಲ್ಲೇ ಹೋದವಳು. ಹಡೆದ ಇಪ್ಪತ್ತನೆಯ ದಿನ ಮಾತು ತಪ್ಪಿ, ತನ್ನ ಕೂಸನ್ನೇ ಯಾರದೆಂದು ಕೇಳಿದವಳು, ಮೂರು ದಿನದಲ್ಲಿ ತೀರಿಕೊಂಡಳಂತೆ. ಆ ಕಥೆಯನ್ನು ಅತ್ತೆ ಒಂದೇ ಸಲ ಹೇಳಿದ್ದರು, ರೊಟ್ಟಿ ಬಡಿಯುತ್ತ, ತಲೆ ಎತ್ತದೆ. ಸನ್ನಿಯಾದವಳ ಹತ್ತಿರ ಕೂಸನ್ನು ಬಿಡಬಾರದು. ಅವರು ನನ್ನ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದರು. ಬಾಗಿಲ ಚಿಲಕ ಬಿತ್ತು.

ನನ್ನ ಬುದ್ಧಿ ಪೂರ್ತಿ ಹೋಗಿರಲಿಲ್ಲ ಎಂಬುದೇ ದೊಡ್ಡ ಕಷ್ಟ. ಅದರ ಒಂದು ಮೂಲೆ ಎಚ್ಚರವಾಗಿದ್ದು ಎಲ್ಲವನ್ನೂ ನೋಡುತ್ತಿತ್ತು. ನನಗೆ ಸನ್ನಿಯಾಗಿದೆ, ಮಗಳು ಇನ್ನು ನನ್ನ ಕೈಗೆ ಬರುವುದಿಲ್ಲ ಎಂದು ಆ ಮೂಲೆ ಹೇಳುತ್ತಿತ್ತು. ಹೊರಗೆ ಕೂಸು ಎದ್ದು ಅತ್ತಿತು. ಎದೆಯಲ್ಲಿ ಹಾಲು ತನ್ನಷ್ಟಕ್ಕೆ ಇಳಿದು ಕುಪ್ಪಸ ನೆನೆಯಿತು. ಎದ್ದು ಬಾಗಿಲ ತನಕ ಹೋಗಲು ನೋಡಿದೆ, ನೆಲ ಬಲು ಆಳದಲ್ಲಿತ್ತು.

ದಿನಾ ಆಡಿನ ಹಾಲು ಕೊಡುವ ಕುರುಬರ ಮನೆಯ ಸೊಸೆ ಆ ಹೊತ್ತಿಗೆ ಬಂದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಸೊಂಟದ ಮೇಲೆ ಆರು ತಿಂಗಳ ಗಂಡುಮಗು. ಹೊರಗೆ ಅತ್ತೆ ಅಳುತ್ತಿರುವುದು ಕೇಳಿತು. ಅವರು ಅಳುವವರಲ್ಲ. ಇವಳು ಚಿಲಕ ತೆಗೆದು ಒಳಗೆ ಬಂದು, ಶೆಗಡಿಯ ಬೆಳಕಿನಲ್ಲಿ ನನ್ನ ಗದ್ದ ಹಿಡಿದೆತ್ತಿ ನೋಡಿದಳು. ನಾನು ನೆನೆದ ಕುಪ್ಪಸದ ಮೇಲೆ ಸೆರಗು ಎಳೆದುಕೊಂಡೆ.

"ಯಕ್ಕಾ, ಇದು ಸನ್ನಿ ಅಲ್ಲ ತಗೋರಿ. ಸನ್ನಿ ಆದಾಕಿ ಹಿಂಗ ನಾಚಕೊಂಡು ಸೆರಗ ಹೊತ್ಕೊಳ್ತಾಳೇನ್ರಿ? ನಮ್ಮ ಮಾವ ಗುಡಿಯಿಂದ ಬಂದ ದಿನ ಇಂಥವ ಇರ್ತಾವ ನೋಡ್ರಿ ಅವನ ಕಣ್ಣ."

"ಬಾಣಂತಿ ಗುಡಿಗಿ ಹೋಗ್ಯಾಳೇನ ಹುಚ್ಚಿ?" ಎಂದರು ಅತ್ತೆ.

ಆಗಲೇ ಸಣ್ಣ ಮಾವ ಹೊಲದಿಂದ ಬಂದದ್ದು. ಕಾಲು ತೊಳೆದು, ಅತ್ತೆಯ ಗಲಾಟೆ ಏನೂ ತಿಳಿಯದೆ, ರೂಢಿಯಂತೆ ಡಬ್ಬಿ ಇಳಿಸಿದರು. ಅಡುಗೆಮನೆಯಿಂದ ಅವರು ಅತ್ತಿಗೆಯನ್ನು ಕೂಗಿದ್ದು ಕೇಳಿತು, "ವೈನೀ, ನನ್ನ ಡಬ್ಬ್ಯಾಗ ನಿನ್ನಿ ಐದು ಉಂಡಿ ಇದ್ದುವು. ಇವತ್ತ ಮೂರ ಅದಾವಲ್ಲ?"

ಅತ್ತೆ ಅಡುಗೆಮನೆಗೆ ಓಡಿದರು. ಆಮೇಲೆ ಅತ್ತೆ ಬಂದು ನನ್ನ ಮುಂದೆ ಆ ಡಬ್ಬಿ ಹಿಡಿದರು. "ಇದರಾಗಿಂದ ತಿಂದೀಯೇನ?" ನಾನು ಹೌದೆಂದು ತಲೆ ಅಲ್ಲಾಡಿಸಿದೆ. "ಎಷ್ಟು?" ಎರಡು ಬೆರಳು ತೋರಿಸಿದೆ. ಅವು ನನ್ನ ಬೆರಳೇ ಹೌದೋ ಎಂದು ನಾನೂ ನೋಡಿಕೊಂಡೆ.

"ಬರೇ ಗಾಂಜೇನ?" ಎಂದರು ಅತ್ತೆ. "ಬರೇ ಗಾಂಜಾ!" ಎಂದು ಹೊಸ್ತಿಲಲ್ಲೇ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗುತ್ತ ನಗುತ್ತ ಮತ್ತೆ ಅತ್ತರು. ಅವರ ತೊಡೆಯ ಮೇಲೆ ಕೂಸು ಅಳು ನಿಲ್ಲಿಸಿ ಅವರ ಮುಖ ನೋಡುತ್ತಿತ್ತು. ಇಷ್ಟು ರಿಲೀಫ್ ಒಬ್ಬ ಮನುಷ್ಯರ ಮೈಯಿಂದ ಹೊರಬೀಳುವುದನ್ನು ನಾನು ಮತ್ತೆಂದೂ ನೋಡಿಲ್ಲ.

ಸಣ್ಣ ಮಾವ ಬಾಗಿಲಾಚೆ ಕೈಕಟ್ಟಿ ನಿಂತಿದ್ದರು. "ಒಂದು ಉಂಡಿ ನನಗ ಹದಿನೈದ್ ದಿನ ಬರ್ತದ ವೈನಿ. ಈಕಿ ಒಂದ ತಿಂಗಳ ಭಕ್ತಿ ಒಂದ ಮುಂಜಾನಿಗಿ ಮಾಡಿ ಮುಗಿಸ್ಯಾಳ."

"ನಿನ್ನ ಭಕ್ತಿಗಿ ಬೆಂಕಿ ಹಚ್ಚಲಿ," ಎಂದರು ಅತ್ತೆ. "ಇಳಿಸೂದು ಹ್ಯಾಂಗ ಅದನ್ನ ಹೇಳು."

"ಹುಳಿ ಕೊಡಬೇಕು. ಲಿಂಬಿಹಣ್ಣು, ಇಲ್ಲಾಂದ್ರ ಮಜ್ಜಿಗಿ. ಗುಡ್ಯಾಗ ಯಾರಿಗರ ಹೆಚ್ಚಾದ್ರ ಅದನ್ನ ಕೊಡ್ತಾರ."

ಮೂವರೂ ಅತ್ತೆಯನ್ನು ನೋಡಿದೆವು, ನಾನೂ ಸೇರಿ. ಗಾಂಜಾ ಮನೆಯಲ್ಲಿರುವುದು, ಸೊಸೆ ಅದನ್ನು ತಿಂದದ್ದು, ಇವು ಅತ್ತೆಗೆ ಜೀರ್ಣವಾಗಿದ್ದವು. ಹತ್ತೊಂಬತ್ತು ದಿನದ ಬಾಣಂತಿಗೆ ಮಜ್ಜಿಗೆ ಎನ್ನುವುದು ಮಾತ್ರ ಜೀರ್ಣವಾಗಲಿಲ್ಲ. ತಮ್ಮ ನಾಲ್ಕು ಬಾಣಂತನದಲ್ಲಿ, ಇಬ್ಬರು ಹೆಣ್ಣುಮಕ್ಕಳ ಬಾಣಂತನದಲ್ಲಿ ಅವರು ಮೀರದ ಗೆರೆ ಅದು. ಒಮ್ಮೆ ಅಡುಗೆಮನೆಗೆ ಹೋದರು, ಬರಿಗೈಯಲ್ಲಿ ಬಂದರು. ಮತ್ತೆ ಹೋದರು.

ನಾನು ಆಗ ಎದೆ ಹಿಡಿದುಕೊಂಡು ಅಳುತ್ತಿದ್ದೆ. ಎದೆ ನಿಂತುಹೋಗುತ್ತದೆ ಎಂಬ ಭಯ. ಕುರುಬರ ಸೊಸೆ ನನ್ನ ಪಕ್ಕ ಕೂತು ತನ್ನ ಹೆಗಲಿನ ಕಂಬಳಿಯ ತುದಿಯನ್ನು ನನ್ನ ಕೈಗೆ ಕೊಟ್ಟಳು. "ಇದರ ಎಳಿ ಎಣಸ್ರಿ. ಕರಿ ಎಷ್ಟ ಅದಾವ, ಬಿಳಿ ಎಷ್ಟ ಅದಾವ ಹೇಳ್ರಿ ನನಗ. ಅಂಜಿ ಹಿಡಕೊಂಡಷ್ಟು ಅದು ಹೆಚ್ಚಾಗ್ತದ. ಬಂದದ್ದು ಹೋಗ್ತದ, ಇಲ್ಲೇ ಮನಿ ಮಾಡಾಂಗಿಲ್ಲ. ನಾ ಎಲ್ಲೂ ಹೋಗಾಂಗಿಲ್ಲ." ಒರಟು ಉಣ್ಣೆ ಬೆರಳಿಗೆ ಚುಚ್ಚುತ್ತಿತ್ತು. ಆ ಚುಚ್ಚುವುದು ಒಂದೇ ಆ ಕೋಣೆಯಲ್ಲಿ ಖರೇ ಇದ್ದದ್ದು. ಒನ್, ಟೂ, ತ್ರೀ ಎಂದು ಎಣಿಸಿದೆ. ಅವಳು ನಗಲಿಲ್ಲ. ತಪ್ಪಿದಾಗ ಮತ್ತೆ ಮೊದಲಿನಿಂದ ಎಣಿಸಲು ಹೇಳಿದಳು.

ಅತ್ತೆ ಬಂದರು. ಕೈಯಲ್ಲಿ ಹಿತ್ತಾಳೆಯ ಲೋಟ. ಬಾಗಿಲು ಮುಂದೆ ಮಾಡಿ, ಬೆನ್ನು ಆ ಕಡೆಗಿಟ್ಟು, ನನ್ನ ತಲೆ ಎತ್ತಿ ಹಿಡಿದರು. ಮಜ್ಜಿಗೆಯನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ, ಜೀರಿಗೆ ಹಾಕಿದ್ದರು. ತಣ್ಣಗಿರಬಾರದು ಎಂಬ ಅರ್ಧ ಕಾನೂನನ್ನಾದರೂ ಉಳಿಸಿಕೊಂಡಿದ್ದರು. "ಲಗೂನ ಕುಡಿ," ಎಂದರು, ಕಳ್ಳತನದ ಮಾಲು ಕೊಟ್ಟವರ ಹಾಗೆ. ಹತ್ತೊಂಬತ್ತು ದಿನ ಹುಳಿ ಕಾಣದ ನಾಲಿಗೆ ಅದು. ಆ ಒಂದು ಲೋಟ ಮಜ್ಜಿಗೆಯ ಹೆವನ್ಲಿ ರುಚಿಯನ್ನು ಹೇಗೆ ಹೇಳಲಿ! ಅದು ನಶೆ ಇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಣಗಿದ ಗಂಟಲು ಮಾತ್ರ ತೆರೆಯಿತು. ಕನ್ನಡ ಮತ್ತೆ ಬಂತು, ಕೇಳಿದೆ, "ಅತ್ತಿ, ಕೂಸಿಗಿ ನಾ ಹಾಲ ಕುಡಿಸೀನೇನ್ರಿ, ಉಂಡಿ ತಿಂದ ಮ್ಯಾಲ?"

ಅದೇ ನನ್ನನ್ನು ಒಳಗೊಳಗೆ ತಿನ್ನುತ್ತಿದ್ದ ಪ್ರಶ್ನೆ. ಮೊದಲು ಕುಡಿಸಿದ್ದೋ ಆಮೇಲೋ, ಎಷ್ಟು ನೆನೆಸಿಕೊಂಡರೂ ಸಿಗುತ್ತಿರಲಿಲ್ಲ.

"ಇಲ್ಲ. ನಾ ಹೋಗೂಕಿಂತ ಮೊದಲ ಕುಡಿಸಿ ಮಲಗಿಸಿದಿ. ನಾ ಬಂದಾಗೂ ಹಂಗ ಮಲಗಿತ್ತು, ಕೌದಿ ಸೈತ ಅಲಗಾಡಿರಲಿಲ್ಲ. ಫಿಕರ್ ಮಾಡಬ್ಯಾಡ."

ಈಗ ಕುಡಿಸಬಹುದೇ? ಸಣ್ಣ ಮಾವ ಹೇಳಿಸಿಕೊಳ್ಳದೆ ಸೈಕಲ್ಲು ಹತ್ತಿ ದವಾಖಾನೆಗೆ ಹೋದರು. ತಾನೇ ತಪ್ಪಿತಸ್ಥ ಎಂಬಂತೆ ಹೋದರು, ಬೆವರುತ್ತ ಬಂದರು. ಡಾಕ್ಟರಮ್ಮ ಹೇಳಿದ್ದು: ಇವತ್ತಿನಿಂದ ನಾಡಿದ್ದಿನ ತನಕ ಕೂಸಿಗೆ ತಾಯಿಯ ಹಾಲು ಬೇಡ. ಹಾಲು ಹಿಂಡಿ ಚೆಲ್ಲಿ. ತಾಯಿಯನ್ನು ಒಬ್ಬಳೇ ಬಿಡಬೇಡಿ, ನೀರು ಕುಡಿಸಿ, ನಿದ್ದೆ ಮಾಡಲಿ. ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಕರೆತನ್ನಿ. "ಮತ್ತ ಏನ್ ಅಂದ್ಲು?" ಎಂದು ಅತ್ತೆ ಕೇಳಿದರು. "ನನ್ನ ವಯಸ್ಸ ಕೇಳಿದ್ಲು ವೈನಿ," ಎಂದರು ಸಣ್ಣ ಮಾವ, ತಲೆ ತಗ್ಗಿಸಿ.

ಕೂಸಿಗೆ ಆಡಿನ ಹಾಲಿಗೆ ನೀರು ಬೆರೆಸಿ ಹತ್ತಿಯ ಬತ್ತಿಯಿಂದ ಹಿಂಡಿದರು. ಅದು ಬತ್ತಿಯನ್ನು ಉಗುಳಿತು. ಇನ್ನೊಮ್ಮೆ ಹಿಂಡಿದರೆ ಕಕ್ಕಿತು. ಅಳು ಸಣ್ಣದಾಗುತ್ತ ಬಂದು ನಿಂತಿತು, ಆ ನಿಂತದ್ದು ಅಳುವುದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಕುರುಬರ ಸೊಸೆ ತನ್ನ ಮಗನನ್ನು ನೆಲಕ್ಕೆ ಬಿಟ್ಟು ಕೈ ಚಾಚಿದಳು. "ಕೊಡ್ರಿ ಇಲ್ಲಿ."

ಅತ್ತೆ ಹಿಂದೆ ಮುಂದೆ ನೋಡಿದರು. ಆಡಿನ ಹಾಲನ್ನು ಅವಳಿಂದ ದಿನವೂ ಕೊಳ್ಳುತ್ತಿದ್ದರು, ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದರು, ಬೇರೆ ಕಪ್ಪಿನಲ್ಲಿ.

"ನಮ್ಮ ಆಡಿಂದ ನಡೀತದ, ನಂದು ನಡೆಯಾಂಗಿಲ್ಲೇನ್ರಿ?" ಎಂದಳು ಅವಳು. ಸಿಟ್ಟಿಲ್ಲದೆ, ನಗುತ್ತಲೇ.

ಅತ್ತೆ ಕೂಸನ್ನು ಕೊಟ್ಟರು. ಅವಳ ಬೆನ್ನಿಗೆ ನನ್ನ ದಿಂಬನ್ನು ಒತ್ತಿದರು. ನನ್ನ ಮಂಚದ ಮೇಲೇ ಕೂತು ಅವಳು ನನ್ನ ಮಗಳಿಗೆ ಹಾಲು ಕೊಟ್ಟಳು. ಮಗಳು ಗುಟುಕುಗುಟುಕಾಗಿ ಕುಡಿಯುವ ಸದ್ದು ಕೇಳಿತು. ನನ್ನ ಕಿವಿಯೊಳಗಿನ ಕಾಲುವೆ ಆಗ ನಿಂತಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಹೇಳಲಾರೆ. ಆದರೆ ಅದಕ್ಕಿಂತ ಮೊದಲೇ ನಿದ್ದೆ ಬಂತು. ನಿದ್ದೆ ಹೋಗುವಾಗ ಕಂಬಳಿಯ ತುದಿ ನನ್ನ ಮುಷ್ಟಿಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ತಲೆಯಲ್ಲಿ ಹಿಂಜಿದ ಹತ್ತಿ ತುಂಬಿದ ಹಾಗಿತ್ತು, ಅಷ್ಟೇ. ತೊಲೆಗಳು ಐದೇ ಇದ್ದವು. ಹಸಿವೆಯೋ ಹಸಿವೆ. ಅತ್ತೆ ಬಿಸಿ ರೊಟ್ಟಿ ತಂದು ಬಡಿಸುತ್ತ, ಗಣಿತದ ಮಾಸ್ತರರ ಹಾಗೆ ಪರೀಕ್ಷೆ ಮಾಡಿದರು. "ಇವತ್ತ ಯಾವ ವಾರ?" ಗುರುವಾರ. "ಇದು ಯಾರ ಕೂಸು?" ನಂದು ಎಂದೆ. ಅವರು ಬೇರೆ ಕಡೆ ನೋಡಿದರು, ಅವರ ಅಕ್ಕ ನೆನಪಾಗಿರಬೇಕು.

ಎರಡು ದಿನ ನಾನು ಹಾಲು ಹಿಂಡಿದೆ. ತಾಯಿಯ ಹಾಲನ್ನು ಜನ ತುಳಿಯುವಲ್ಲಿ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೆ ಹಾಕಬೇಕು. ಅತ್ತೆ ಬಟ್ಟಲು ಹಿಡಿದು ಹಿತ್ತಿಲ ಕರಿಬೇವಿನ ಬುಡಕ್ಕೆ ಹೋದಾಗಲೆಲ್ಲ ಸಣ್ಣ ಮಾವ ಎದ್ದು ನಿಲ್ಲುತ್ತಿದ್ದರು. ಎರಡನೆಯ ದಿನ ಅವರಿಗೆ ಧೈರ್ಯ ಬಂದಿತ್ತು. "ವೈನಿ, ಆ ಗಿಡಾನೂ ನಾಳಿ ಇಂಗ್ಲಿಷ್ ಮಾತಾಡ್ತದ ನೋಡು."

"ನೀ ಮೊದಲ ನಿನ್ನ ಡಬ್ಬಿ ತಗೊಂಡು ಹೊಲದ ಗುಡಸಲಕ್ಕ ಹೋಗು," ಎಂದರು ಅತ್ತೆ. ಆ ಡಬ್ಬಿ ಅದೇ ದಿನ ಹೊಲಕ್ಕೆ ಹೋಯಿತು. ಅಲ್ಲಿ ಅದನ್ನು ತಲೆಗಿಂತ ಮೇಲಿಡಲು ಅವರು ಬೇವಿನ ಕೊಂಬೆಗೆ ಹಗ್ಗ ಕಟ್ಟಿದರಂತೆ.

ಕುರುಬರ ಸೊಸೆ ಮೂರು ಹೊತ್ತು ಬಂದಳು. ರಾತ್ರಿಗೆ ಅಲ್ಲೇ ಉಳಿದಳು. ಅವಳ ಮಗ ನಮ್ಮ ಅಡುಗೆಮನೆಯ ತನಕ ತೆವಳಿಕೊಂಡು ಹೋಗಿ ಹಿಟ್ಟಿನ ಪುಟ್ಟಿಯಲ್ಲಿ ಕೈಯಿಟ್ಟರೂ ಅತ್ತೆ ಏನೂ ಅನ್ನಲಿಲ್ಲ. ಶುಕ್ರವಾರ ಅವಳಿಗೆ ಚಹಾ ನಮ್ಮ ಕಪ್ಪಿನಲ್ಲೇ ಬಂತು.

ಶನಿವಾರ ಬೆಳಿಗ್ಗೆ ಅತ್ತೆ ಮಗಳನ್ನು ಎರೆದು, ಸಾಂಬ್ರಾಣಿ ಹಾಕಿ, ನನ್ನ ತೊಡೆಯ ಮೇಲೆ ಇಟ್ಟರು. ನನಗೆ ಒಂದೇ ಅಂಜಿಕೆ. ಎರಡು ದಿನ ಬೇರೆಯವಳ ರುಚಿ ಕಂಡಿದೆ, ನನ್ನನ್ನು ಒಲ್ಲೆ ಅಂದರೆ? ಅದು ಮುಖ ಆ ಕಡೆ ಈ ಕಡೆ ಹೊರಳಿಸಿತು. ಬಾಯಿ ಹಚ್ಚಿ ಬಿಟ್ಟಿತು. ಮತ್ತೆ ಹಚ್ಚಿತು. ಆಮೇಲೆ ಬಿಡಲಿಲ್ಲ. ಸಣ್ಣ ಮುಷ್ಟಿ ನನ್ನ ಎದೆಯ ಮೇಲೆ ಬಡಿಯುತ್ತಿತ್ತು, ಎಲ್ಲಿ ಹೋಗಿದ್ದಿ ಎಂದು ಕೇಳುವ ಹಾಗೆ. ಕುರುಬರ ಸೊಸೆ ಬಾಗಿಲಲ್ಲಿ ನಿಂತು ನೋಡಿ, "ಹಾಂ, ಹಿಡೀತು," ಎಂದು ತನ್ನ ಮಗನನ್ನು ಸೊಂಟಕ್ಕೆ ಹಾಕಿಕೊಂಡು ಹೊರಟಳು.

ಸಂಜೆಯ ಬಸ್ಸಿಗೆ ನನ್ನ ಗಂಡ ಬಂದರು. ಅವರು ಬೂಟು ಬಿಚ್ಚುವ ಮೊದಲೇ ಅತ್ತೆ ಕಥೆ ಶುರುಮಾಡಿದರು. ಉಂಡೆಯನ್ನು ಹೇಳಿದರು, ಇಂಗ್ಲಿಷನ್ನು ಹೇಳಿದರು, ಒಡೆಯದ ಕಾಲುವೆಯನ್ನು ಹೇಳಿದರು, ಓಣಿಯ ಹೆಂಗಸರೂ ಬಂದು ಕೂತರು. ಗಾಂಜಾದ ಬಗ್ಗೆ ಅವರಿಗೆ ಒಂದು ಚೂರೂ ಸಂಕೋಚವಿರಲಿಲ್ಲ. "ಮತ್ತ ಹ್ಯಾಂಗ ಇಳೀತು ಯವ್ವಾ?" ಎಂದು ನನ್ನ ಗಂಡ ಕೇಳಿದರು.

"ಹ್ಯಾಂಗ ಇಳೀತದ? ನಿದ್ದಿ ಮಾಡಿದ್ಲು, ಇಳೀತು," ಎಂದರು ಅತ್ತೆ.

ಆಮೇಲೆ ದೀಪ ಹಚ್ಚುವ ನೆಪದಲ್ಲಿ ನನ್ನ ಕೋಣೆಗೆ ಬಂದರು. ಬಾಗಿಲು ಮುಂದೆ ಮಾಡಿ ಕಿವಿಯ ಹತ್ತಿರ ಬಗ್ಗಿದರು. "ಬಾಣಂತಿಗಿ ನಾ ಮಜ್ಜಿಗಿ ಕೊಟ್ಟೀನಿ ಅನ್ನೂದು ಯಾರಿಗೂ ಹೇಳಬ್ಯಾಡ. ಮಂದಿ ಏನಂದಾರು! ಸಾಯೂತನಕ ನಿನ್ನ ಹೊಟ್ಟ್ಯಾಗ ಇರಲಿ."

ಹೌದ್ರಿ ಅತ್ತಿ ಎಂದೆ. ಅವರು ಸಾಯುವ ತನಕ ಹಾಗೇ ಇತ್ತು. ನನ್ನ ಎರಡನೆಯ ಬಾಣಂತನದಲ್ಲಿ ಒಂದು ಮಧ್ಯಾಹ್ನ ಅವರು ಹಾಗೆಯೇ ಬಾಗಿಲು ಮುಂದೆ ಮಾಡಿ, ನಾನು ಕೇಳದಿದ್ದರೂ, ಬೆಚ್ಚಗಿನ ಆ ಹಿತ್ತಾಳೆ ಲೋಟವನ್ನು ಮತ್ತೊಮ್ಮೆ ತಂದಿದ್ದರು. ಆ ಸಲ ನಾನು ಏನೂ ತಿಂದಿರಲಿಲ್ಲ.